ಒಂದೇ ಮಗು, ಹದಿಮೂರು ಅಳತೆ: ಏಕವ್ಯಕ್ತಿ ಅಧ್ಯಯನದ ಅಂಕಿಗಳನ್ನು ಕೋಡ್‌ಗೆ ಹೊಂದಿಸುವುದು ಹೇಗೆ

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಬಿಐಇಆರ್‌ಟಿ (ಬ್ಲಾಕ್ ಮಟ್ಟದ ಸಮನ್ವಯ ಶಿಕ್ಷಣ ಸಂಪನ್ಮೂಲ) ಶಿಕ್ಷಕರು, ವಾಕ್ ಚಿಕಿತ್ಸಕರು, ಫಿಸಿಯೋಥೆರಪಿ ಮಾಡುವವರು, ಗುಲಬರ್ಗಾ ವಿಶ್ವವಿದ್ಯಾಲಯದಲ್ಲೋ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೋ ಶಿಕ್ಷಣ, ಮನೋವಿಜ್ಞಾನ ಓದುತ್ತಿರುವವರು, ಇವರೆಲ್ಲರಿಗೂ ಒಂದು ಬಗೆಯ ಮಾಹಿತಿ ಸುಲಭವಾಗಿ ಸಿಗುತ್ತದೆ. ಒಂದೇ ಮಗುವನ್ನು ವಾರಗಟ್ಟಲೆ ಗಮನಿಸಿ ನೋಟ್‌ಬುಕ್ಕಿನಲ್ಲಿ ಬರೆದಿಟ್ಟ ಅಂಕಿಗಳು ಅವು. ಇಷ್ಟು ದಿನ ಅಂಥ ನೋಟ್‌ಬುಕ್ ವರದಿಯ ಅನುಬಂಧ ಸೇರಿ ಸುಮ್ಮನಾಗುತ್ತಿತ್ತು. ‘ಒಂದೇ ಮಗು ಇದ್ದರೆ ಸ್ಟ್ಯಾಟಿಸ್ಟಿಕ್ಸ್ ಮಾಡೋಕೆ ಬರೋದಿಲ್ಲ’ ಎಂಬ ಮಾತು ಅಷ್ಟು ಗಟ್ಟಿಯಾಗಿ ಬೇರೂರಿದೆ.

ಈಗ ಸ್ಥಿತಿ ಬೇರೆ. ಲೆಕ್ಕಕ್ಕೆ ಬಳಸುವ ಆರ್ ಮತ್ತು ಪೈಥಾನ್ ಎಂಬ ಕಂಪ್ಯೂಟರ್ ಭಾಷೆಗಳು ಎರಡೂ ದುಡ್ಡಿಲ್ಲದೆ ಸಿಗುತ್ತವೆ. ಕೋಡ್ ಬರೆಯಲು ಬಾರದವರು ಚಾಟ್‌ಬಾಟ್ ಹತ್ತಿರ ಬರೆಸಿಕೊಳ್ಳುತ್ತಾರೆ. ಆದರೆ ಎಕ್ಸೆಲ್ ಹಾಳೆಯಲ್ಲಿ ಹಳದಿ ಬಣ್ಣ ಹಚ್ಚಿದ ಸಾಲುಗಳು ಹೊಸ ಪಾಠ ಶುರುವಾದ ಮೇಲಿನವು ಎಂಬುದು ಯಾವ ಕೋಡ್‌ಗೂ ತಾನಾಗಿ ತಿಳಿಯುವುದಿಲ್ಲ. ಹಾಳೆಯ ಆಕಾರ ತಪ್ಪಿದ್ದರೂ ಉತ್ತರವಂತೂ ಬರುತ್ತದೆ, ಎಷ್ಟೋ ಸಲ ಎಚ್ಚರಿಕೆಯ ಒಂದು ಗೆರೆಯೂ ಇಲ್ಲದೆ ಬರುತ್ತದೆ. ಕೋಡ್‌ಗಿಂತ ಮೊದಲು ಹಾಳೆಯ ಮಾತಾಡಬೇಕಿರುವುದು ಅದಕ್ಕೇ.

ಏಕವ್ಯಕ್ತಿ ಅಧ್ಯಯನ ಎಂದರೆ ಏನು

ಬಿ.ಇಡಿ.ಯಲ್ಲಿ ಬರೆಸುವ ‘ಕೇಸ್ ಸ್ಟಡಿ’ ಇದಲ್ಲ. ಅದರಲ್ಲಿ ಮಗುವಿನ ಮನೆ, ಹಿನ್ನೆಲೆ, ಸಮಸ್ಯೆಗಳ ವಿವರಣೆ ಇರುತ್ತದೆ. ಇಲ್ಲಿ ಹೇಳುತ್ತಿರುವುದು ಪ್ರಯೋಗದ ಒಂದು ವಿನ್ಯಾಸ. ಒಬ್ಬರನ್ನೇ ಒಂದೇ ಅಳತೆಗೋಲಿನಿಂದ ಮತ್ತೆ ಮತ್ತೆ ಅಳೆಯುತ್ತಾರೆ. ಮೊದಲು ಏನನ್ನೂ ಬದಲಿಸದೆ ಕೆಲವು ದಿನ ಅಳೆಯುವುದು ‘ಎ’ ಹಂತ ಅಥವಾ ಬೇಸ್‌ಲೈನ್. ಹೊಸ ಪಾಠವನ್ನೋ ಚಿಕಿತ್ಸೆಯನ್ನೋ ಶುರು ಮಾಡಿ ಅಳತೆ ಮುಂದುವರಿಸುವುದು ‘ಬಿ’ ಹಂತ. ಮಗುವನ್ನು ಹೋಲಿಸುವುದು ಬೇರೆ ಮಕ್ಕಳ ಜತೆಗಲ್ಲ, ಅದೇ ಮಗುವಿನ ಹಿಂದಿನ ದಿನಗಳ ಜತೆಗೆ.

ಹಾಗಾಗಿ ‘ಎಷ್ಟು ಜನ’ ಎಂಬುದಕ್ಕಿಂತ ‘ಎಷ್ಟು ಅಳತೆ’ ಎಂಬ ಪ್ರಶ್ನೆಗೇ ಇಲ್ಲಿ ಹೆಚ್ಚು ಬೆಲೆ. ಅಮೆರಿಕದ ಶಿಕ್ಷಣ ಇಲಾಖೆಯ ‘ವಾಟ್ ವರ್ಕ್ಸ್ ಕ್ಲಿಯರಿಂಗ್‌ಹೌಸ್’ 2010ರಲ್ಲಿ ಹೊರತಂದ ಮಾನದಂಡದ ಪ್ರಕಾರ ಪ್ರತಿ ಹಂತದಲ್ಲಿ ಕನಿಷ್ಠ 5 ಅಳತೆ ಇರಬೇಕು. 3 ಇದ್ದರೆ ಅಧ್ಯಯನವನ್ನು ಮಿತಿಗಳೊಂದಿಗೆ ಒಪ್ಪಬಹುದು. ಪರಿಣಾಮ ಒಂದು ಸಲ ಕಂಡರೆ ಸಾಲದು, ಬೇರೆ ಬೇರೆ ಮೂರು ಹೊತ್ತಿನಲ್ಲಿ ಕಾಣಬೇಕು ಎಂದೂ ಅದು ಕೇಳುತ್ತದೆ.

ಮೂರು ಸಲ ತೋರಿಸಲು ಎರಡು ದಾರಿ ಹೆಚ್ಚು ಬಳಕೆಯಲ್ಲಿವೆ. ಪಾಠ ಶುರು ಮಾಡಿ, ನಿಲ್ಲಿಸಿ, ಮತ್ತೆ ಶುರು ಮಾಡುವುದು ಒಂದು. ಇದರಲ್ಲಿ ಎ, ಬಿ, ಎ, ಬಿ ಎಂದು ನಾಲ್ಕು ಹಂತ ಬರುತ್ತವೆ. ತರಗತಿಯಲ್ಲಿ ಜಾಗ ಬಿಟ್ಟು ಏಳುವಂಥ ನಡವಳಿಕೆಗೆ ಇದು ಹೊಂದುತ್ತದೆ. ಓದುವುದಕ್ಕೆ ಹೊಂದದು, ಏಕೆಂದರೆ ಕಲಿತ ಅಕ್ಷರವನ್ನು ಪಾಠ ನಿಲ್ಲಿಸಿದ ಮಾತ್ರಕ್ಕೆ ಮಗು ಮರೆಯುವುದಿಲ್ಲ. ಅಂಥ ಕಡೆ ಎರಡನೆಯ ದಾರಿ ಬೇಕು. ಮೂವರು ಮಕ್ಕಳ ಬೇಸ್‌ಲೈನನ್ನು ಒಟ್ಟಿಗೆ ಶುರು ಮಾಡಿ, ಪಾಠವನ್ನು ಮಾತ್ರ ಒಬ್ಬರಾದ ಮೇಲೆ ಒಬ್ಬರಿಗೆ ಬೇರೆ ಬೇರೆ ದಿನ ಶುರು ಮಾಡುವುದು. ಇದನ್ನು ಮಲ್ಟಿಪಲ್ ಬೇಸ್‌ಲೈನ್ ಎನ್ನುತ್ತಾರೆ.

ಹಾಳೆ ಅಡ್ಡಕ್ಕೆ ಬೇಡ, ಉದ್ದಕ್ಕೆ ಇರಲಿ

ಒಂದು ಕಲ್ಪಿತ ಉದಾಹರಣೆ ಇಟ್ಟುಕೊಳ್ಳೋಣ. ಶಹಾಪುರ ತಾಲ್ಲೂಕಿನ ಸರ್ಕಾರಿ ಶಾಲೆಯೊಂದರ ಮೂರನೇ ತರಗತಿಯ ಮಗು. ನಿಮಿಷಕ್ಕೆ ಎಷ್ಟು ಪದ ಸರಿಯಾಗಿ ಓದುತ್ತದೆ ಎಂಬುದೇ ಅಳತೆ. ಬೇಸ್‌ಲೈನ್‌ನ ಐದು ದಿನ: 12, 15, 11, 13, 14. ಹೊಸ ಓದಿನ ಪಾಠ ಶುರುವಾದ ಮೇಲೆ ಎಂಟು ದಿನ: 14, 17, 16, 19, 21, 20, 23, 22.

ಶಾಲೆಯಲ್ಲಿ ನಮ್ಮ ಕೈಗೆ ರೂಢಿಯಾಗಿರುವುದು ಹಾಜರಿ ಪುಸ್ತಕದ ಆಕಾರ. ಎಡಗಡೆ ಹೆಸರು, ಮೇಲೆ ಅಡ್ಡಕ್ಕೆ ತಾರೀಖು, ಮನೆಯೊಳಗೆ (ಸೆಲ್‌ನಲ್ಲಿ) ಅಂಕಿ. ಕಣ್ಣಿಗೆ ಇದು ಚೆಂದ, ಕೋಡ್‌ಗೆ ಕಷ್ಟ. ಯಾವ ಮನೆ ಯಾವ ಹಂತಕ್ಕೆ ಸೇರಿದ್ದು, ಆ ದಿನ ಅಳೆದವರು ಯಾರು, ಮಗು ಬಾರದಿದ್ದರೆ ಯಾಕೆ ಎಂಬುದನ್ನು ಬರೆಯಲು ಅಲ್ಲಿ ಜಾಗವೇ ಇಲ್ಲ.

ಬೇಕಾಗಿರುವುದು ಕಿರಾಣಿ ಅಂಗಡಿಯ ಉದ್ರಿ ಪುಸ್ತಕದ ಆಕಾರ. ಸಕ್ಕರೆ ಒಯ್ದರೆ ಒಂದು ಸಾಲು, ಸಂಜೆ ಎಣ್ಣೆ ಒಯ್ದರೆ ಇನ್ನೊಂದು ಸಾಲು, ಪ್ರತಿ ಸಾಲಿನಲ್ಲೂ ತಾರೀಖು, ಹೆಸರು, ಸಾಮಾನು, ದುಡ್ಡು. ಇಲ್ಲಿಯೂ ಹಾಗೆಯೇ: ಒಂದು ಅಳತೆಗೆ ಒಂದು ಸಾಲು. ಸಂಖ್ಯಾಶಾಸ್ತ್ರಜ್ಞ ಹ್ಯಾಡ್ಲಿ ವಿಕ್‌ಹ್ಯಾಮ್ 2014ರಲ್ಲಿ ಬರೆದ ಪ್ರಬಂಧದಿಂದ ಈ ಆಕಾರಕ್ಕೆ ‘ಟೈಡಿ ಡೇಟಾ’ ಎಂಬ ಹೆಸರು ಬಳಕೆಗೆ ಬಂತು. ಪ್ರತಿ ಚಲಕಕ್ಕೆ (ಬರೆದಿಡುವ ಸಂಗತಿಗೆ) ಒಂದು ಕಾಲಂ, ಪ್ರತಿ ವೀಕ್ಷಣೆಗೆ ಒಂದು ಸಾಲು ಎಂಬುದು ಅದರ ತಿರುಳು. ನಮ್ಮ ಉದಾಹರಣೆ ಹೀಗಾಗುತ್ತದೆ (ನಡುವಿನ ನಾಲ್ಕು ಸಾಲು ಮಾತ್ರ; ‘ಅವಧಿ’ ಎಂದರೆ ಎಷ್ಟನೇ ಸಲದ ಅಳತೆ):

| ಮಗು | ಅವಧಿ | ತಾರೀಖು | ಹಂತ | ಸರಿ ಪದ | ಟಿಪ್ಪಣಿ |
|---|---|---|---|---|---|
| ಮ1 | 4 | 2025-07-10 | ಎ | 13 | |
| ಮ1 | 5 | 2025-07-11 | ಎ | 14 | |
| ಮ1 | 6 | 2025-07-14 | ಬಿ | 14 | ಹೊಸ ಪಾಠ ಶುರು |
| ಮ1 | 7 | 2025-07-15 | ಬಿ | 17 | |

ಮೊದಲೇ ಅಡ್ಡಕ್ಕೆ ಬರೆದಿಟ್ಟಿದ್ದರೆ ಕೂತು ಮತ್ತೆ ಟೈಪ್ ಮಾಡಬೇಕಿಲ್ಲ. ಪೈಥಾನ್‌ನ ಪಾಂಡಾಸ್ ಎಂಬ ಸಿದ್ಧ ಕೋಡ್‌ಗಳ ಕಟ್ಟಿನಲ್ಲಿ ‘ಮೆಲ್ಟ್’, ಆರ್‌ನಲ್ಲಿ ‘ಪಿವಟ್ ಲಾಂಗರ್’ ಎಂಬ ಆದೇಶ ಅದನ್ನು ಉದ್ದಕ್ಕೆ ತಿರುಗಿಸುತ್ತದೆ. ಹಂತದ ಕಾಲಂ ಮಾತ್ರ ನೀವೇ ಸೇರಿಸಬೇಕು, ಏಕೆಂದರೆ ಅಡ್ಡ ಹಾಳೆಯಲ್ಲಿ ಅದು ಬಣ್ಣವಾಗಿ ಇತ್ತೇ ಹೊರತು ಅಕ್ಷರವಾಗಿ ಇರಲಿಲ್ಲ. ಎರಡು ಮೂರು ಮನೆಗಳನ್ನು ಕೂಡಿಸಿ ‘ಬೇಸ್‌ಲೈನ್’ ಎಂದು ತಲೆಬರಹ ಹಾಕಿದ್ದರೂ ಅಷ್ಟೇ, ಆ ಹೆಸರು ಮೊದಲ ಮನೆಗೆ ಮಾತ್ರ ಅಂಟಿಕೊಂಡು ಉಳಿದವು ಖಾಲಿಯಾಗುತ್ತವೆ.

ಮಗುವಿನ ವಯಸ್ಸು, ತರಗತಿ, ಮನೆಮಾತು ಕನ್ನಡವೋ ಉರ್ದುವೋ ಲಂಬಾಣಿಯೋ ಎಂಬ ವಿವರ ದಿನದಿನಕ್ಕೆ ಬದಲಾಗುವುದಿಲ್ಲ. ಅವು ಪ್ರತಿ ಮಗುವಿಗೆ ಒಂದೇ ಸಾಲಿನ ಬೇರೆ ಹಾಳೆಯಲ್ಲಿರಲಿ. ‘ಮ1’ ಎಂಬ ಸಂಕೇತ ಎರಡನ್ನೂ ಜೋಡಿಸುತ್ತದೆ.

ಹಂತದ ಕಾಲಂ: ‘ನಂತರ’ ಮೊದಲು ಬಂದರೆ

ಹಂತಕ್ಕೆ ಹೆಸರಿಡುವಾಗ ಅನೇಕರು ‘ಮೊದಲು’, ‘ನಂತರ’ ಎಂದು ಬರೆಯುತ್ತಾರೆ. ಓದುವವರಿಗೆ ಇದಕ್ಕಿಂತ ಸ್ಪಷ್ಟ ಬೇರಿಲ್ಲ. ಆದರೆ ಆರ್ ಹೆಸರುಗಳ ಕಾಲಂ ಅನ್ನು ಗುಂಪುಗಳಾಗಿ ಮಾಡುವಾಗ ಅಕ್ಷರಮಾಲೆಯ ಕ್ರಮ ಹಿಡಿಯುತ್ತದೆ, ಮೊದಲು ಬಂದ ಗುಂಪನ್ನೇ ಹೋಲಿಕೆಯ ನೆಲೆಯಾಗಿ ಇಟ್ಟುಕೊಳ್ಳುತ್ತದೆ. ‘ನ’ ಅಕ್ಷರ ‘ಮ’ಗಿಂತ ಮುಂಚೆ ಬರುವುದರಿಂದ ‘ನಂತರ’ವೇ ಬೇಸ್‌ಲೈನ್ ಆಗಿ ಕೂರುತ್ತದೆ. ಆಗ ನಮ್ಮ ಮಗುವಿನ ಸರಾಸರಿ 13ರಿಂದ 19ಕ್ಕೆ ಏರಿದ್ದು ‘6 ಪದ ಇಳಿಕೆ’ ಎಂದು ಬರುತ್ತದೆ. ಯಾವ ದೋಷದ ಸಂದೇಶವೂ ಕಾಣುವುದಿಲ್ಲ. ‘ಎ’, ‘ಬಿ’ ಎಂದೇ ಬರೆದರೆ ಈ ತೊಂದರೆ ಇಲ್ಲ. ಬೇರೆ ಹೆಸರು ಬೇಕೇ ಬೇಕು ಎಂದರೆ ಯಾವುದು ಬೇಸ್‌ಲೈನ್ ಎಂದು ಕೋಡ್‌ನಲ್ಲಿ ಬಿಡಿಸಿ ಹೇಳಬೇಕು.

ನಾಲ್ಕು ಹಂತದ ವಿನ್ಯಾಸದಲ್ಲಿ ಇನ್ನೊಂದು ತೊಡಕಿದೆ. ಹಂತದ ಕಾಲಂನಲ್ಲಿ ಎ ಮತ್ತು ಬಿ ಮಾತ್ರ ಇದ್ದರೆ ಮೊದಲನೇ ಎ, ಎರಡನೇ ಎ ಎರಡೂ ಒಂದೇ ರಾಶಿಗೆ ಬೀಳುತ್ತವೆ. ಪಾಠ ನಿಲ್ಲಿಸಿದಾಗ ಅಂಕಿ ಕೆಳಗಿಳಿಯಿತೇ ಎಂಬ ಪ್ರಶ್ನೆಯೇ ಕಳೆದುಹೋಗುತ್ತದೆ. ಅದಕ್ಕೆ ಎ1, ಬಿ1, ಎ2, ಬಿ2 ಎಂದು ಎಣಿಸುವ ಇನ್ನೊಂದು ಕಾಲಂ ಸೇರಿಸಿ. ಎರಡೂ ಕಾಲಂ ಇರಲಿ, ಎರಡಕ್ಕೂ ಬೇರೆ ಬೇರೆ ಕೆಲಸವಿದೆ.

ಗೈರುಹಾಜರಿ ಸೊನ್ನೆ ಅಲ್ಲ

ನಮ್ಮ ಭಾಗದಲ್ಲಿ ಹೆಚ್ಚು ಹಾನಿ ಮಾಡುವುದು ಇದೇ ಎಂದು ನನಗನಿಸುತ್ತದೆ. ದಸರಾ ರಜೆ, ಊರ ಜಾತ್ರೆ, ಹತ್ತಿ ಬಿಡಿಸುವ ಕಾಲ, ಎಲ್ಲಕ್ಕಿಂತ ಹೆಚ್ಚಾಗಿ ಗುಳೆ. ಯಾದಗಿರಿ, ಕಲಬುರಗಿಯ ಎಷ್ಟೋ ಮಕ್ಕಳು ಅಪ್ಪ ಅವ್ವನ ಜತೆ ಊರು ಬಿಟ್ಟು ವಾರಗಟ್ಟಲೆ ಹೋಗುತ್ತಾರೆ. ಅಳತೆಯ ಸಾಲಿನಲ್ಲಿ ತೂತು ಬೀಳುವುದು ಇಲ್ಲಿ ಸಹಜ. ಆ ತೂತನ್ನು ಹೇಗೆ ಬರೆಯುತ್ತೀರಿ ಎಂಬುದರ ಮೇಲೆ ಉತ್ತರ ನಿಂತಿದೆ.

ಸೊನ್ನೆ ಬರೆದರೆ ‘ಮಗು ಬಂದಿತ್ತು, ಒಂದು ಪದವನ್ನೂ ಓದಲಿಲ್ಲ’ ಎಂದು ಅರ್ಥ. ನಮ್ಮ ಉದಾಹರಣೆಯ ಬಿ ಹಂತದಲ್ಲಿ ಒಂದೇ ಒಂದು ಗೈರುಹಾಜರಿ ದಿನವನ್ನು ಸೊನ್ನೆ ಎಂದು ಸೇರಿಸಿದರೆ ಸರಾಸರಿ 19ರಿಂದ 16.9ಕ್ಕೆ ಕುಸಿಯುತ್ತದೆ. ಇದನ್ನು ತಪ್ಪಿಸಲೆಂದು ಅಂಕಿಯ ಮನೆಯಲ್ಲಿ ‘ಗೈರು’ ಎಂದು ಬರೆದರೆ ಬೇರೆ ಆಪತ್ತು: ಒಂದು ಮನೆಯಲ್ಲಿ ಅಕ್ಷರ ಕಂಡರೂ ಪಾಂಡಾಸ್ ಮತ್ತು ಆರ್ ಇಡೀ ಕಾಲಂ ಅನ್ನು ಅಕ್ಷರ ಎಂದು ಓದುತ್ತವೆ. ಆಮೇಲೆ ಸರಾಸರಿಯೂ ಬಾರದು, ಕ್ರಮವೂ ಸರಿಯಿರದು. ಅಕ್ಷರಗಳ ಲೆಕ್ಕದಲ್ಲಿ 10 ಎಂಬುದು 2ಕ್ಕಿಂತ ಮುಂಚೆ ನಿಲ್ಲುತ್ತದೆ.

ಸರಿಯಾದ ಕ್ರಮ ಸರಳ. ಸಾಲು ಇರಲಿ, ಅಂಕಿಯ ಮನೆ ಖಾಲಿ ಇರಲಿ, ಕಾರಣ ಟಿಪ್ಪಣಿಯ ಕಾಲಂಗೆ ಹೋಗಲಿ. ಸಾಲನ್ನೇ ಅಳಿಸಬೇಡಿ. ಅಳಿಸಿದರೆ ಮೂರು ವಾರ ಗುಳೆ ಹೋಗಿ ಬಂದ ಮಗು ನಿನ್ನೆಯೂ ಶಾಲೆಯಲ್ಲಿತ್ತು ಎಂದು ಕೋಡ್ ತಿಳಿಯುತ್ತದೆ. ಅವಧಿಯ ಎಣಿಕೆಯ ಜತೆಗೆ ತಾರೀಖಿನ ಕಾಲಂ ಇಡುವುದು ಈ ಕಾರಣಕ್ಕೇ. ತಾರೀಖನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಬರೆಯಿರಿ. 03/07 ಎಂದರೆ ಜುಲೈ 3 ಎಂದು ನಮಗೆ ಗೊತ್ತು, ಅಮೆರಿಕದ ರೂಢಿಗೆ ಹೊಂದಿಸಿದ ಕಂಪ್ಯೂಟರ್ ಮಾರ್ಚ್ 7 ಎನ್ನುತ್ತದೆ.

ಇದರ ಜತೆಗೇ ಇನ್ನೊಂದು ಮಾತು. ಲೆಕ್ಕ ಹಾಕಿ ಬಂದ ಉತ್ತರಕ್ಕಿಂತ ಹಸಿ ಅಂಕಿಯನ್ನೇ ಬರೆಯಿರಿ. ‘ಶೇ. 80’ ಎಂದು ಬರೆದರೆ 5ರಲ್ಲಿ 4 ಇರಬಹುದು, 50ರಲ್ಲಿ 40 ಇರಬಹುದು. ಸರಿ ಪದ, ತಪ್ಪು ಪದ, ಓದಲು ಹಿಡಿದ ಸೆಕೆಂಡು ಎಂದು ಮೂರು ಕಾಲಂ ಇಟ್ಟರೆ ಬೇಕಾದ ದರವನ್ನು ಯಾವಾಗ ಬೇಕಾದರೂ ತೆಗೆಯಬಹುದು. ಶನಿವಾರ ಬೆಳಗಿನ ಶಾಲೆ ಇರುತ್ತದೆ. ಆ ದಿನದ ಅಳತೆ ಬೆಳಿಗ್ಗೆ ಆಗಿ, ಉಳಿದ ದಿನ ಮಧ್ಯಾಹ್ನದ ಊಟದ ನಂತರ ಆಗಿದ್ದರೆ ಹೊತ್ತಿನ ಕಾಲಂ ಕೂಡ ಬೇಕು.

ಕೋಡ್ ಆ ಹಾಳೆಯೊಂದಿಗೆ ಏನು ಮಾಡುತ್ತದೆ

ಮೊದಲ ಬಗೆಯ ಲೆಕ್ಕ ಎಷ್ಟು ಅತಿವ್ಯಾಪ್ತಿ ಇದೆ ಎಂದು ನೋಡುತ್ತದೆ. ಅಂದರೆ ಬಿ ಹಂತದ ಅಂಕಿಗಳು ಎ ಹಂತದ ಅಂಕಿಗಳ ಮೇಲೆ ಎಷ್ಟು ಬೀಳುತ್ತವೆ ಎಂದು. ಸ್ಕ್ರಗ್ಸ್, ಮಾಸ್ಟ್ರೊಪಿಯೆರಿ ಮತ್ತು ಕಾಸ್ಟೊ 1987ರಲ್ಲಿ ಮುಂದಿಟ್ಟ ‘ಪಿಎನ್‌ಡಿ’ಯಲ್ಲಿ (ಅತಿವ್ಯಾಪ್ತಿ ಇಲ್ಲದ ಅಳತೆಗಳ ಶೇಕಡಾವಾರು) ಎ ಹಂತದ ಅತಿ ದೊಡ್ಡ ಅಂಕಿಯನ್ನು ದಾಟಿದ ಬಿ ಅಳತೆಗಳು ಎಷ್ಟು ಎಂದು ಎಣಿಸುತ್ತಾರೆ. ನಮ್ಮಲ್ಲಿ ಎ ಹಂತದ ಗರಿಷ್ಠ 15. ಬಿ ಹಂತದ 8ರಲ್ಲಿ 7 ಅದನ್ನು ದಾಟಿವೆ. ಹಾಗಾಗಿ ಶೇ. 87.5.

ಪಾರ್ಕರ್ ಮತ್ತು ವ್ಯಾನೆಸ್ಟ್ 2009ರಲ್ಲಿ ಕೊಟ್ಟ ‘ಎನ್‌ಎಪಿ’ (ಎಲ್ಲ ಜೋಡಿಗಳಲ್ಲಿ ಅತಿವ್ಯಾಪ್ತಿ ಇಲ್ಲದಿರುವಿಕೆ) ಪ್ರತಿ ಎ ಅಂಕಿಯನ್ನು ಪ್ರತಿ ಬಿ ಅಂಕಿಯ ಎದುರು ನಿಲ್ಲಿಸುತ್ತದೆ. 5 ಗುಣಿಸು 8, ಒಟ್ಟು 40 ಜೋಡಿ. ಬಿ ಗೆದ್ದರೆ ಒಂದು, ಸಮವಾದರೆ ಅರ್ಧ. ನಮ್ಮ ಲೆಕ್ಕದಲ್ಲಿ 38.5 ಬರುತ್ತದೆ, ಭಾಗಿಸಿದರೆ 0.96. ಎರಡು ಹಂತದ ನಡುವೆ ವ್ಯತ್ಯಾಸವೇ ಇಲ್ಲದಿದ್ದರೆ ಇದು 0.5ರ ಆಸುಪಾಸು ಇರುತ್ತದೆ. ಮೇಲೆ ಹೇಳಿದ ಒಂದು ಸುಳ್ಳು ಸೊನ್ನೆ ಸೇರಿದರೆ ಎನ್‌ಎಪಿ 0.86ಕ್ಕೂ ಪಿಎನ್‌ಡಿ ಶೇ. 77.8ಕ್ಕೂ ಇಳಿಯುತ್ತವೆ.

ಈಗ ಬೇಸ್‌ಲೈನ್‌ನ 15 ಅನ್ನು ಯಾರೋ 23 ಎಂದು ಟೈಪ್ ಮಾಡಿದರು ಎನ್ನಿ. ಎನ್‌ಎಪಿ 0.80ಕ್ಕೆ ಬರುತ್ತದೆ. ಪಿಎನ್‌ಡಿ ನೇರವಾಗಿ ಸೊನ್ನೆ, ಏಕೆಂದರೆ 23ನ್ನು ದಾಟಿದ ಬಿ ಅಂಕಿ ಒಂದೂ ಇಲ್ಲ. ಒಂದು ಬೆರಳು ಜಾರಿದ್ದಕ್ಕೆ ‘ಪಾಠದಿಂದ ಏನೂ ಆಗಲಿಲ್ಲ’ ಎಂಬ ತೀರ್ಮಾನ. ಪಿಎನ್‌ಡಿ ಒಂದನ್ನೇ ನೆಚ್ಚಿಕೊಂಡ ವರದಿಗಳನ್ನು ಓದುವಾಗ ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಎರಡನೆಯ ಬಗೆಯ ಲೆಕ್ಕ ಕಾಲವನ್ನೂ ಗಮನಕ್ಕೆ ತೆಗೆದುಕೊಳ್ಳುತ್ತದೆ. ಪಾಠ ಶುರುವಾದ ದಿನವೇ ಅಂಕಿ ಜಿಗಿಯಿತೇ, ಇಲ್ಲ ದಿನದಿನಕ್ಕೆ ಏರಿತೇ? ಸರಾಸರಿ 6 ಹೆಚ್ಚಾಯಿತು ಎಂಬುದು ಇದಕ್ಕೆ ಉತ್ತರ ಕೊಡುವುದಿಲ್ಲ. ಹ್ಯೂಟೆಮಾ ಮತ್ತು ಮೆಕೀನ್ 2000ದಲ್ಲಿ ವಿವರಿಸಿದ ತುಂಡು ಗೆರೆಗಳ ರಿಗ್ರೆಶನ್ (ಪ್ರತಿ ಹಂತದ ಅಂಕಿಗಳಿಗೆ ಗೆರೆ ಹೊಂದಿಸುವ ಲೆಕ್ಕ) ಕೊಡುತ್ತದೆ. ಅದಕ್ಕೆ ಹಾಳೆಯಲ್ಲಿ ಮೂರು ಕಾಲಂ ಬೇಕು. ಒಂದು, ಅವಧಿ: 1ರಿಂದ 13. ಎರಡು, ಹಂತ ಅಂಕಿಯಾಗಿ: ಎ ಇದ್ದರೆ 0, ಬಿ ಇದ್ದರೆ 1. ಮೂರು, ಬಿ ಶುರುವಾಗಿ ಎಷ್ಟು ಅವಧಿ ಕಳೆಯಿತು ಎಂಬುದು: ಎ ಹಂತದಲ್ಲೆಲ್ಲ 0, ಬಿ ಹಂತದ ಮೊದಲ ಅವಧಿಯಲ್ಲೂ 0, ಆಮೇಲೆ 1, 2, 3 ಎಂದು 7ರವರೆಗೆ.

ಬಿ ಹಂತದ ಮೊದಲ ಅವಧಿ 1 ಆಗದೆ 0 ಏಕೆ? ಹಾಗೆ ಇಟ್ಟರೆ ಮಾತ್ರ ಎರಡನೇ ಕಾಲಂನ ಗುಣಾಂಕ (ರಿಗ್ರೆಶನ್ ಆ ಕಾಲಂಗೆ ಕೊಡುವ ಅಂಕಿ) ‘ಪಾಠ ಶುರುವಾದ ಆ ದಿನವೇ ಆದ ಜಿಗಿತ’ವನ್ನು ಹೇಳುತ್ತದೆ. 1ರಿಂದ ಎಣಿಸಿದರೆ ಅದು ಪಾಠ ಶುರುವಾಗುವ ಹಿಂದಿನ ಅವಧಿಯ ಜಿಗಿತವಾಗಿಬಿಡುತ್ತದೆ, ಆಗಿನ್ನೂ ಪಾಠವೇ ಇರಲಿಲ್ಲ.

ನಮ್ಮ ಅಂಕಿಗಳಿಗೆ ಗೆರೆ ಎಳೆದರೆ ಬೇಸ್‌ಲೈನ್ ಪ್ರತಿ ಅವಧಿಗೆ 0.2 ಪದದಂತೆ ಏರುತ್ತಿತ್ತು. ಪಾಠ ಇಲ್ಲದಿದ್ದರೆ ಆರನೇ ಅವಧಿಯಲ್ಲಿ 13.6 ಇರಬೇಕಿತ್ತು. ಬಿ ಹಂತದ ಗೆರೆ ಆ ದಿನ 14.8ರಲ್ಲಿದೆ. ಅಂದರೆ ತಕ್ಷಣದ ಜಿಗಿತ ಬರೀ 1.2 ಪದ. ಆದರೆ ಏರಿಕೆಯ ವೇಗ 0.2ರಿಂದ ಸುಮಾರು 1.2ಕ್ಕೆ ಹೋಗಿದೆ, ಪ್ರತಿ ಅವಧಿಗೆ ಒಂದು ಪದ ಹೆಚ್ಚುವರಿ. ಪಾಠದ ಮೊದಲ ದಿನ ಏನೂ ಬದಲಾಗಲಿಲ್ಲ ಎಂದು ಶಿಕ್ಷಕಿಗೆ ಅನ್ನಿಸಿದ್ದರೆ ಅದು ನಿಜವೇ. ಈ ಮಗುವಿನ ಲಾಭ ಇರುವುದು ನಿಧಾನವಾದ ಏರಿಕೆಯಲ್ಲಿ. ಬೇಗ ಕೈಬಿಟ್ಟಿದ್ದರೆ ಅದು ಕಾಣುತ್ತಿರಲೇ ಇಲ್ಲ.

ಇಲ್ಲಿ ಒಂದು ಎಚ್ಚರ. ನಿನ್ನೆ ಚೆನ್ನಾಗಿ ಓದಿದ ಮಗು ಇವತ್ತೂ ಚೆನ್ನಾಗಿ ಓದುವ ಸಂಭವ ಹೆಚ್ಚು. ಅಂಕಿಗಳ ನಡುವಿನ ಈ ನಂಟನ್ನು ಸ್ವಸಹಸಂಬಂಧ ಎನ್ನುತ್ತಾರೆ. ಎರಡು ಸರಾಸರಿಗಳನ್ನು ಹೋಲಿಸುವ ಸಾಮಾನ್ಯ ಟಿ-ಪರೀಕ್ಷೆ ಪ್ರತಿ ಅಂಕಿಯೂ ಸ್ವತಂತ್ರ ಎಂದು ನಂಬಿ ನಡೆಯುತ್ತದೆ. ನಂಟು ಬಲವಾಗಿದ್ದಾಗ ಅದು ಇರುವುದಕ್ಕಿಂತ ಹೆಚ್ಚು ಖಚಿತತೆ ತೋರಿಸುತ್ತದೆ. ಈ ನಂಟನ್ನು ಅಳೆಯಲು ಕೋಡ್‌ಗೆ ಅಂಕಿಗಳ ಕ್ರಮ ತಿಳಿಯಬೇಕು. ಅವಧಿಯ ಕಾಲಂ ಇಲ್ಲದ ಹಾಳೆಯಲ್ಲಿ ಅದು ಸಾಧ್ಯವಿಲ್ಲ.

ಆರ್‌ನಲ್ಲಿ ಇದಕ್ಕೆಂದೇ ‘ಸ್ಕ್ಯಾನ್’ ಮತ್ತು ‘ಸಿಂಗಲ್‌ಕೇಸ್‌ಇಎಸ್’ ಎಂಬ ಪ್ಯಾಕೇಜ್‌ಗಳಿವೆ. ಸ್ಕ್ಯಾನ್ ನಿಮ್ಮ ಹಾಳೆಯನ್ನು ಒಳಗೆ ತೆಗೆದುಕೊಳ್ಳುವಾಗ ನಾಲ್ಕು ಸಂಗತಿ ಕೇಳುತ್ತದೆ: ವ್ಯಕ್ತಿ ಯಾವ ಕಾಲಂ, ಹಂತ ಯಾವುದು, ಅಳತೆ ಯಾವುದು, ಕಾಲ ಯಾವುದು. ಮೇಲಿನ ಹಾಳೆಯಲ್ಲಿ ನಾಲ್ಕೂ ಸಿದ್ಧವಾಗಿವೆ.

ಮೂವರು ಮಕ್ಕಳಾದಾಗ

ಔರಾದ್ ತಾಲ್ಲೂಕಿನ ಮೂವರು ಮಕ್ಕಳಿಗೆ ಆರನೇ, ಒಂಬತ್ತನೇ, ಹನ್ನೆರಡನೇ ಅವಧಿಯಲ್ಲಿ ಪಾಠ ಶುರುವಾಯಿತು ಎನ್ನೋಣ. ಮೂರು ಹಾಳೆ ಮಾಡಬೇಡಿ. ಒಂದೇ ಹಾಳೆಯಲ್ಲಿ ಮ1, ಮ2, ಮ3 ಎಂದು ಒಬ್ಬರ ಕೆಳಗೆ ಒಬ್ಬರು ಬರಲಿ. ಏಳನೇ ಅವಧಿಯಲ್ಲಿ ಮ1 ಬಿ ಹಂತದಲ್ಲಿದ್ದರೆ ಮ2, ಮ3 ಇನ್ನೂ ಎ ಹಂತದಲ್ಲೇ ಇರುತ್ತಾರೆ. ಹಾಗಾಗಿ ‘6ರಿಂದ ಮುಂದಿನ ಅವಧಿಯೆಲ್ಲ ಬಿ’ ಎಂದು ಕೋಡ್‌ನಲ್ಲಿ ಒಂದೇ ಸಾಲು ಬರೆದರೆ ಮೂವರಲ್ಲಿ ಇಬ್ಬರ ಹಂತ ತಪ್ಪಾಗುತ್ತದೆ. ‘ಬಿ ಶುರುವಾಗಿ ಎಷ್ಟು ಅವಧಿ’ ಎಂಬ ಕಾಲಂ ಅನ್ನೂ ಪ್ರತಿ ಮಗುವಿಗೆ ಬೇರೆಯಾಗಿ ಎಣಿಸಬೇಕು. ಮೂವರ ಅಂಕಿಗಳನ್ನು ಒಂದೇ ರಾಶಿ ಮಾಡಿ ಟಿ-ಪರೀಕ್ಷೆ ಹಾಕುವುದನ್ನು ಆಗಾಗ ಕಾಣುತ್ತೇವೆ. ಮೊದಲಿನಿಂದಲೂ ಚೆನ್ನಾಗಿ ಓದುತ್ತಿದ್ದ ಮಗುವಿನ ಅಳತೆ ಬಿ ಹಂತದಲ್ಲಿ ಹೆಚ್ಚಿದ್ದರೆ, ಆ ಮಗುವಿನ ಜಾಣ್ಮೆಯೇ ಪಾಠದ ಫಲ ಎಂದು ಲೆಕ್ಕಕ್ಕೆ ಬಂದುಬಿಡುತ್ತದೆ.

ಇಬ್ಬರು ಒಟ್ಟಿಗೆ ಕೂತು ಅಳೆದ ದಿನಗಳಿಗೆ ಎರಡನೆಯವರ ಅಂಕಿಗೂ ಒಂದು ಕಾಲಂ ಕೊಡಿ. 2010ರ ಅದೇ ಮಾನದಂಡ ಪ್ರತಿ ಹಂತದ ಕನಿಷ್ಠ ಶೇ. 20ರಷ್ಟು ಅಳತೆಗಳಲ್ಲಿ ಇಬ್ಬರು ವೀಕ್ಷಕರ ಹೊಂದಾಣಿಕೆಯನ್ನು ಕೇಳುತ್ತದೆ. ಇಬ್ಬರದನ್ನೂ ಸರಾಸರಿ ಮಾಡಿ ಒಂದೇ ಅಂಕಿ ಬರೆದರೆ ಅದನ್ನು ತೋರಿಸಲು ಆಮೇಲೆ ದಾರಿ ಇರುವುದಿಲ್ಲ.

ಕನ್ನಡದಲ್ಲಿ ಟೈಪ್ ಮಾಡುವಾಗ

ಕಾಲಂಗಳಿಗೆ ಕನ್ನಡ ಹೆಸರಿಡಬಹುದು. ಆರ್, ಪೈಥಾನ್ ಎರಡೂ ಒಪ್ಪುತ್ತವೆ. ಆದರೆ ಅಕ್ಷರ ಯುನಿಕೋಡ್‌ನಲ್ಲಿರಬೇಕು. ‘ನುಡಿ’ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ್ದು ಪರದೆಯ ಮೇಲೆ ಕನ್ನಡವಾಗಿ ಕಂಡರೂ ಕೋಡ್‌ಗೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳಾಗಿ ತಲುಪುತ್ತದೆ. ಎಕ್ಸೆಲ್‌ನಿಂದ ಉಳಿಸುವಾಗ ಸಿಎಸ್‌ವಿ (ಬರೀ ಅಕ್ಷರ, ಅಂಕಿಗಳ ಸರಳ ಕಡತ) ಆಯ್ಕೆಗಳಲ್ಲಿ ‘ಯುಟಿಎಫ್-8’ ಎಂದಿರುವುದನ್ನೇ ಆರಿಸಿ, ಇಲ್ಲದಿದ್ದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತದೆ. ಒಂದೇ ಊರನ್ನು ಒಮ್ಮೆ ಕಲಬುರಗಿ, ಒಮ್ಮೆ ಕಲಬುರ್ಗಿ, ಇನ್ನೊಮ್ಮೆ ಗುಲ್ಬರ್ಗಾ ಎಂದು ಬರೆದರೆ ಕೋಡ್‌ಗೆ ಅವು ಮೂರು ಊರು. ‘ಬಿ’ಯ ಮುಂದೆ ಒಂದು ಸ್ಪೇಸ್ ಉಳಿದರೂ ಅದು ಮೂರನೇ ಹಂತವಾಗುತ್ತದೆ.

ಓಡಿಸುವ ಮುನ್ನ

ಮಗುವಿನ ಹೆಸರು, ಶಾಲೆಯ ಹೆಸರು, ಆಧಾರ್ ಅಥವಾ ಯುಡಿಐಡಿ (ಅಂಗವಿಕಲರ ಗುರುತಿನ ಚೀಟಿ) ಸಂಖ್ಯೆ ಅಳತೆಯ ಹಾಳೆಯಲ್ಲಿ ಇರಕೂಡದು. ಯಾವ ಸಂಕೇತ ಯಾವ ಮಗು ಎಂಬ ಪಟ್ಟಿ ಬೇರೆ ಕಡೆ, ಕಾಗದದಲ್ಲಿದ್ದರೂ ಸರಿ, ನಿಮ್ಮ ಬಳಿಯೇ ಇರಲಿ. ಹಾಳೆಯನ್ನು ಚಾಟ್‌ಬಾಟ್‌ಗೆ ಹಾಕುವ ಈ ಕಾಲದಲ್ಲಿ ಇದು ಇನ್ನೂ ಮುಖ್ಯ. ಒಮ್ಮೆ ಹೋದದ್ದನ್ನು ವಾಪಸ್ ಪಡೆಯಲಾಗದು. ತಂದೆ ತಾಯಿಯ ಒಪ್ಪಿಗೆ ಅಳತೆ ಶುರುವಾಗುವ ಮೊದಲೇ ಬೇಕು.

ಪ್ರತಿ ಮಗುವಿಗೆ, ಪ್ರತಿ ಹಂತಕ್ಕೆ ಎಷ್ಟು ಸಾಲು ಇವೆ ಎಂದು ಕೋಡ್‌ನಿಂದ ಎಣಿಸಿ, ನೋಟ್‌ಬುಕ್ಕಿನ ಎಣಿಕೆಯ ಜತೆ ಹೋಲಿಸಿ. ನಮ್ಮ ಉದಾಹರಣೆಯಲ್ಲಿ ಎ 5, ಬಿ 8 ಬರಬೇಕು. ಮೂರನೇ ಹೆಸರೊಂದು ಕಂಡರೆ ಎಲ್ಲೋ ಸ್ಪೇಸ್ ಇದೆ. ಅಳತೆಯ ಕಾಲಂ ಅಂಕಿಯಾಗಿ ಓದಲ್ಪಟ್ಟಿದೆಯೇ, ಕನಿಷ್ಠ ಗರಿಷ್ಠ ಎಷ್ಟು ಎಂದು ನೋಡಿ. ಇರಬಾರದ ಸೊನ್ನೆ, ತಪ್ಪಾಗಿ ಬಿದ್ದ 23 ಅಲ್ಲೇ ಸಿಗುತ್ತವೆ. ಆಮೇಲೆ ಚಿತ್ರ ಬರೆಸಿ: ಅಡ್ಡಕ್ಕೆ ಅವಧಿ, ಮೇಲಕ್ಕೆ ಸರಿ ಪದ, ಹಂತ ಬದಲಾದ ಕಡೆ ಒಂದು ಕಡ್ಡಿಗೆರೆ. ಎ ಹಂತದ ಕೊನೆಯ ಚುಕ್ಕೆಯನ್ನು ಬಿ ಹಂತದ ಮೊದಲ ಚುಕ್ಕೆಗೆ ಗೆರೆಯಿಂದ ಸೇರಿಸುವ ರೂಢಿ ಈ ಕ್ಷೇತ್ರದಲ್ಲಿ ಇಲ್ಲ. ಹಂತದ ಕಾಲಂ ಸರಿಯಾಗಿದ್ದರೆ, ಅದರ ಪ್ರಕಾರ ಗುಂಪು ಮಾಡಲು ಹೇಳಿದಾಗ ಕೋಡ್ ಆ ಗೆರೆಯನ್ನು ತಾನೇ ಅಲ್ಲಿ ಮುರಿಯುತ್ತದೆ.